ಮಗುಚದ ಅಡಿಕೆಯಂಥ ಗ್ರಹ

ಅಂಗಳದಲ್ಲಿ ಅಡಿಕೆ ಹರಡಿ, ಜಗಲಿಯಲ್ಲಿ ರೇಡಿಯೋ ಇಟ್ಟುಕೊಂಡು ಕುಳಿತ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕೇಳುಗರೇ, ನಮಸ್ಕಾರ.

ಕರ್ಕಾಟಕ ರಾಶಿಯಲ್ಲಿ ಒಂದು ನಕ್ಷತ್ರ. ಅದರ ಬೆಳಕು ನಮ್ಮ ಅಂಗಳ ತಲಪಲು 41 ವರ್ಷ ಬೇಕು. ಅದನ್ನು ಸುತ್ತುವ ಒಂದು ಗ್ರಹದ ಹೆಸರು 55 ಕ್ಯಾಂಕ್ರಿ ಇ. ಹೆಸರು ಮರೆತರೂ ಚಿಂತೆಯಿಲ್ಲ, ಒಂದು ಸಂಗತಿ ನೆನಪಿರಲಿ: ಆ ಗ್ರಹ ಮಗ್ಗುಲು ಬದಲಿಸುವುದಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಮಧ್ಯಾಹ್ನದ ಬಿಸಿಲಿಗೆ ಅಡಿಕೆಯ ನಡುವೆ ಕಾಲೆಳೆಯುತ್ತಾ ನಡೆದು ಮಗುಚುವುದು ಮಕ್ಕಳ ಕೆಲಸ. ಅಂಗಳವೋ ಕಾದ ಕಾವಲಿ. ಬಾವಿಕಟ್ಟೆಯ ಬದಿಯ ಮೂಲೆಗೆ ನಾನು ಒಂದು ವಾರ ಕಾಲಿಡಲಿಲ್ಲ. ದೊಡ್ಡಮ್ಮ ಬಂದು, ಬಗ್ಗಿ, ಅಲ್ಲಿಂದ ಒಂದನ್ನು ಹೆಕ್ಕಿದರು. ಮೇಲ್ಮೈ ಒಣಗಿ ಬಿಳಿಚಿತ್ತು. ಕೆಳಮೈ ಹಸಿಹಸಿ, ಬೂಸ್ಟು ಹಿಡಿದಿತ್ತು. ಅವರು ಬೈಯಲಿಲ್ಲ. ಅಡಿಕೆಯನ್ನು ನನ್ನ ಅಂಗೈಯಲ್ಲಿಟ್ಟು, “ಇದು ತಾನಾಗಿ ಹೊರಳುತ್ತದೆಯೇ ಮಾಣಿ?” ಎಂದರು. ಸಂಜೆಯವರೆಗೆ ಆ ಮೂಲೆಯನ್ನು ಕೈಯಿಂದ ಒಂದೊಂದಾಗಿ ಮಗುಚಿದೆ. ಭೌತಶಾಸ್ತ್ರ ಕಲಿಸಿದ ಅಷ್ಟೂ ವರ್ಷ ತರಗತಿಗೆ ಒಂದು ಅಡಿಕೆ ಒಯ್ಯುತ್ತಿದ್ದೆ.

55 ಕ್ಯಾಂಕ್ರಿ ಇ ಆ ಮೂಲೆಯ ಅಡಿಕೆ. ನಮಗೂ ಸೂರ್ಯನಿಗೂ ಇರುವ ದೂರದ 65ರಲ್ಲಿ ಒಂದು ಪಾಲು ಮಾತ್ರ ಅದಕ್ಕೂ ಅದರ ಸೂರ್ಯನಿಗೂ. ಸುಮಾರು 18 ಗಂಟೆಗೆ ಒಂದು ವರ್ಷ ಮುಗಿಯುತ್ತದೆ. ಬೆಳಗ್ಗೆ ಆರಕ್ಕೆ ಹೊಸ ವರ್ಷದ ಬಿಸು ಕಣಿ ಕಂಡರೆ ನಡುರಾತ್ರಿ ಮತ್ತೆ ಬಿಸು! ಅಷ್ಟು ಹತ್ತಿರದ ಸೆಳೆತ ಅದರ ಒಂದೇ ಮುಖವನ್ನು ಬೆಂಕಿಯತ್ತ ಹಿಡಿದು ನಿಲ್ಲಿಸಿದೆ, ಭೂಮಿಯು ಚಂದ್ರನನ್ನು ಹಿಡಿದಿಟ್ಟ ಹಾಗೆ. ಹಗಲ ಮುಖಕ್ಕೆ ಎಂದೆಂದೂ ಹಗಲು.

ಅಲ್ಲಿ ಮನೆ ಕಟ್ಟಬಹುದೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆ ಬಿಡಿ. ಅಲ್ಲಿ ಬಂಡೆಯೇ ಕರಗಿ ಕಡಲಾಗಿದೆ. ಕೇಳಬೇಕಾದದ್ದು ಬೇರೆ: ಮಗುಚದ ಅಡಿಕೆಯ ಕೆಳಮೈಗೆ ಬಿಸಿ ತಲಪುತ್ತದೆಯೇ? ಗಾಳಿಯಿಲ್ಲದಿದ್ದರೆ ಹಗಲ ಮುಖ ಸುಮಾರು 2,200 ಡಿಗ್ರಿ ಸೆಲ್ಸಿಯಸ್ ಕಾಯಬೇಕಿತ್ತು. ಗ್ರಹವು ನಕ್ಷತ್ರದ ಹಿಂದೆ ಮರೆಯಾದಾಗ ಎಷ್ಟು ಬೆಳಕು ಕಡಿಮೆಯಾಗುತ್ತದೆ ಎಂದು ಜೇಮ್ಸ್ ವೆಬ್ ದೂರದರ್ಶಕ ಅಳೆಯಿತು. 2024ರಲ್ಲಿ ಹೊರಬಿದ್ದ ಲೆಕ್ಕ ಸುಮಾರು 1,540 ಡಿಗ್ರಿ. ಕಬ್ಬಿಣ ಕರಗುವ ಬಿಸಿ ಹೌದು, ಆದರೂ ಆರುನೂರಕ್ಕೂ ಹೆಚ್ಚು ಡಿಗ್ರಿ ಎಲ್ಲಿ ಹೋಯಿತು? ಗಾಳಿ ಹೊತ್ತೊಯ್ದು ಕತ್ತಲ ಮುಖಕ್ಕೆ ಸುರಿಯುತ್ತಿದೆ ಎಂಬುದು ವಿಜ್ಞಾನಿಗಳ ಉತ್ತರ. ಗ್ರಹ ಹೊರಳುವುದಿಲ್ಲ, ಬಿಸಿಯೇ ಹೊರಳಿ ಹೋಗುತ್ತದೆ! ಆ ಗಾಳಿಯೂ ಕರಗಿದ ಬಂಡೆಯಿಂದ ಉಕ್ಕಿದ್ದಂತೆ. ಅದರ ವಿವರಕ್ಕೆ ಇವತ್ತು ಸಮಯವಿಲ್ಲ.

ಮಾರ್ಚ್ ತಿಂಗಳ ರಾತ್ರಿ ಒಂಬತ್ತಕ್ಕೆ ಅಂಗಳದ ದೀಪ ಆರಿಸಿ ನೆತ್ತಿಯ ಕಡೆ ನೋಡಿ. ಪುಷ್ಯ ನಕ್ಷತ್ರ ಸಿಕ್ಕಿದರೆ, ತೋಳು ಚಾಚಿ ಒಂದು ಮುಷ್ಟಿಯಷ್ಟು ಉತ್ತರಕ್ಕೆ ಸರಿಯಿರಿ. ದುರ್ಬೀನಿನಲ್ಲಿ ಅಲ್ಲಿ ಕಾಣುವ ಮಂದ ಚುಕ್ಕೆಗಳಲ್ಲಿ ಒಂದು ಆ ಗ್ರಹದ ಸೂರ್ಯ. ನಮಸ್ಕಾರ.