ಯುದ್ಧದ ನಡುವೆ ಅಪ್ಪ–ಅಮ್ಮನ ಬಳಲಿಕೆ: ಅಳೆಯುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಉಕ್ರೇನಿನ ಖಾರ್ಕಿವ್ ನಗರದ ಹೆಸರು ನಮ್ಮಲ್ಲಿ ಮನೆಮಾತಾದದ್ದು 2022ರ ಮಾರ್ಚ್ ಮೊದಲ ವಾರ, ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ದಾಳಿಯಲ್ಲಿ ತೀರಿಕೊಂಡಾಗ. ನಮ್ಮ ವಿದ್ಯಾರ್ಥಿಗಳು ವಾಪಸಾದರು. ಆ ಊರಿನ ಎಷ್ಟೋ ಮಕ್ಕಳು ಅಲ್ಲೇ ಉಳಿದರು. ಅವರಿಗಾಗಿ ಮೆಟ್ರೊ ನಿಲ್ದಾಣಗಳಲ್ಲಿ ತರಗತಿ ನಡೆದವು, ನೆಲದಡಿಯಲ್ಲಿ ಶಾಲೆ ಕಟ್ಟಿದರು. ಜಾಗ ಸಿಗದ ಮಕ್ಕಳಿಗೆ ಮನೆಯಲ್ಲೇ ಆನ್‌ಲೈನ್ ಪಾಠ. ಪಕ್ಕದಲ್ಲಿ ಅಮ್ಮ. ಅಪ್ಪ ಎಷ್ಟೋ ಮನೆಗಳಲ್ಲಿ ಸೈನ್ಯಕ್ಕೆ ಹೋಗಿದ್ದಾನೆ. ರಾತ್ರಿ ಸೈರನ್, ಹಗಲು ಕರೆಂಟಿಲ್ಲ.

ಇಂಥ ಅಮ್ಮನಿಗೆ ಬರ್ನ್‌ಔಟ್, ಅಂದರೆ ಸತತ ಒತ್ತಡದಿಂದ ಬಳಲಿ ಬರಿದಾಗುವ ಸ್ಥಿತಿ, ಬಂದಿದೆಯೇ, ಇಲ್ಲವೇ? ಅಳೆಯುವುದು ಹೇಗೆ? ಅದಕ್ಕೆ ನಾಲ್ಕು ಭಾಗಗಳ ಒಂದು ಪ್ರಶ್ನಾವಳಿ ಇದೆ. ನಾನು ಹೇಳುವುದು ಒಂದೇ ಮಾತು, ಹಲವು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಒಟ್ಟು ಅಂಕ ನೋಡಬೇಡಿ, ನಾಲ್ಕು ಭಾಗಗಳನ್ನು ಬೇರೆ ಬೇರೆ ನೋಡಿ. ಮನಶ್ಶಾಸ್ತ್ರ, ಸಮಾಜಕಾರ್ಯ ಓದುವವರು ಕೇಳುತ್ತಿದ್ದರೆ ಒಂದು ಪೆನ್ನು ಹಿಡಿದು ಕೂತುಕೊಳ್ಳಿ. ಕೂಡುವ ಲೆಕ್ಕ ಬಂದರೆ ಸಾಕು.

ನಾಲ್ಕು ಭಾಗ ಎಲ್ಲಿಂದ ಬಂತು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನಗೆ ಇಷ್ಟವಾದ ಕಥೆ. 1981ರಲ್ಲಿ ಅಮೆರಿಕದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ನರ್ಸು, ಶಿಕ್ಷಕರಂಥ ಉದ್ಯೋಗಿಗಳಿಗಾಗಿ 22 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಕೆಲಸದ ಬರ್ನ್‌ಔಟ್ ಅಂದರೆ ಅದೇ ಅಳತೆ ಎನ್ನುವಷ್ಟು ಅದು ಬೇರೂರಿತು. ಮುಂದೆ ಬೆಲ್ಜಿಯಂನಲ್ಲಿ, ಲೂವನ್-ಲ-ನವ್ ಪಟ್ಟಣದ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯದಲ್ಲಿ, ಇಸಾಬೆಲ್ ರಾಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ ಎಂಬ ಇಬ್ಬರು ಸಂಶೋಧಕಿಯರು ಅದನ್ನೇ ತಂದೆ–ತಾಯಂದಿರಿಗೆ ಹೊಂದಿಸಲು ಹೊರಟರು. 2017ರಲ್ಲಿ ಅದು ಪ್ರಕಟವೂ ಆಯಿತು. ಮೂರು ಭಾಗ ಇತ್ತು: ನಿತ್ರಾಣ, ಮಕ್ಕಳಿಂದ ಮನಸ್ಸು ದೂರವಾಗುವುದು, ಸಾಧಿಸಿದ ತೃಪ್ತಿ ಇಲ್ಲದಿರುವುದು. ಅಂಕಿಅಂಶಗಳೆಲ್ಲ ಚೆನ್ನಾಗಿಯೇ ಕೂತವು.

ಆದರೆ ಅವರಿಗೇ ಅನುಮಾನ. ಆಫೀಸಿನ ಅಳತೆಪಟ್ಟಿ ಹಿಡಿದು ಮನೆಗೆ ಹೋದರೆ ಆಫೀಸಿನಲ್ಲಿ ಕಾಣುವುದೇ ಅಲ್ಲವೇ ಕಾಣುವುದು? ಉದ್ಯೋಗಕ್ಕೆ ರಾಜೀನಾಮೆ ಕೊಡಬಹುದು, ಮಕ್ಕಳಿಗೆ ಕೊಡಲಾಗದು. ಹಾಗಾಗಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಸಿದ್ಧಾಂತವನ್ನು ಬದಿಗಿಟ್ಟು, ಬಳಲಿ ಕುಸಿದ ತಂದೆ–ತಾಯಂದಿರು ಆಡಿದ ಮಾತುಗಳಿಂದಲೇ ವಾಕ್ಯಗಳನ್ನು ಕಟ್ಟಿ, ಜರಡಿ ಹಿಡಿದು 23 ಉಳಿಸಿಕೊಂಡರು. 2018ರಲ್ಲಿ ಬಂದ ಆ ಪ್ರಶ್ನಾವಳಿಯ ಹೆಸರು ಪೇರೆಂಟಲ್ ಬರ್ನ್‌ಔಟ್ ಅಸೆಸ್‌ಮೆಂಟ್, ಚಿಕ್ಕದಾಗಿ ಪಿಬಿಎ. ಸಾಧನೆಯ ಭಾಗ ಉದುರಿಹೋಯಿತು. ಅದರ ಜಾಗಕ್ಕೆ ಆಫೀಸಿನ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ಬಂತು: ನಾನು ಮೊದಲು ಇಂಥ ಅಮ್ಮ ಆಗಿರಲಿಲ್ಲ, ಈಗ ನನ್ನನ್ನು ಕಂಡರೆ ನನಗೇ ನಾಚಿಕೆ ಎನ್ನುವ ಭಾವ. ಮಕ್ಕಳ ಸಹವಾಸವೇ ಸಾಕು ಎಂಬ ಬೇಸರವೂ ಸೇರಿ ಭಾಗಗಳು ನಾಲ್ಕಾದವು. ಮುಂದೆ ಇದೇ ಪ್ರಶ್ನಾವಳಿಯನ್ನು 42 ದೇಶಗಳ 17,409 ತಂದೆ–ತಾಯಂದಿರ ಮುಂದಿಟ್ಟರು. ಆ ಪಟ್ಟಿಯಲ್ಲಿ ಉಕ್ರೇನ್ ಇರಲಿಲ್ಲ. ಭಾರತವೂ ಇರಲಿಲ್ಲ.

ಈಗ ಲೆಕ್ಕ. ಪ್ರತಿ ವಾಕ್ಯಕ್ಕೂ ಸೊನ್ನೆಯಿಂದ 6ರವರೆಗೆ ಅಂಕ. ಯಾವತ್ತೂ ಹಾಗನಿಸಿಲ್ಲ ಅಂದರೆ ಸೊನ್ನೆ, ದಿನಾ ಅನಿಸುತ್ತದೆ ಅಂದರೆ 6. ನಿತ್ರಾಣಕ್ಕೆ 9 ವಾಕ್ಯ, ಗರಿಷ್ಠ 54. ಅಂದಿನ ನಾನು–ಇಂದಿನ ನಾನು ಎಂಬ ಅಂತರಕ್ಕೆ 6 ವಾಕ್ಯ, 36. ಮಕ್ಕಳ ಸಹವಾಸವೇ ಸಾಕಾಗಿದೆ ಎಂಬ ಬೇಸರಕ್ಕೆ 5 ವಾಕ್ಯ, 30. ಮನಸ್ಸು ದೂರ ಸರಿಯುವುದಕ್ಕೆ 3 ವಾಕ್ಯ, 18. ಒಟ್ಟು 138. ಸುಮಾರು 86 ದಾಟಿದರೆ ಬರ್ನ್‌ಔಟ್ ಎಂದು ಆ ತಂಡವೇ ನಂತರ ಗೆರೆ ಎಳೆಯಿತು.

ಇಬ್ಬರು ತಾಯಂದಿರನ್ನು ಊಹಿಸಿಕೊಳ್ಳಿ. ಮೊದಲನೆಯವಳ ಅಂಕ: ನಿತ್ರಾಣ 50, ಅಂತರ 6, ಬೇಸರ 3, ದೂರ 1. ಒಟ್ಟು 60. ಎರಡನೆಯವಳದ್ದು: 22, 18, 12, 8. ಅದೂ 60. ಮೊದಲನೆಯವಳಿಗೆ ರಾತ್ರಿಯೆಲ್ಲ ಸೈರನ್ ಕೇಳಿ ನಿದ್ದೆಯಿಲ್ಲ, ಆದರೂ ಮಗುವಿನ ಜೊತೆ ಇರುವುದು ಅವಳಿಗೆ ಇಷ್ಟ. ನಾಲ್ಕು ರಾತ್ರಿ ನಿದ್ದೆ, ಮಗು ನೋಡಿಕೊಳ್ಳಲು ಒಂದು ಕೈ ಸಿಕ್ಕರೆ ಅವಳು ಚೇತರಿಸಿಕೊಂಡಾಳು. ಎರಡನೆಯವಳು ಊಟ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಅದರಾಚೆ ಏನೂ ಉಳಿದಿಲ್ಲ. ನಿಜವಾದ ಚಿಂತೆ ಇವಳದ್ದು. ರಾಗಿ, ಹೊಟ್ಟು, ಕಲ್ಲು ಎಲ್ಲ ಒಂದೇ ಚೀಲಕ್ಕೆ ಸುರಿದು ತೂಗಿ, ಇಷ್ಟು ಕಿಲೋ ರಾಗಿ ಅಂದರೆ ನೀವು ಒಪ್ಪುತ್ತೀರಾ? ಒಟ್ಟು ಅಂಕ ಹಿಡಿದು ಇಂತಿಷ್ಟು ಶೇಕಡಾ ಬರ್ನ್‌ಔಟ್ ಎಂದು ತಲೆಬರಹ ಹಾಕುವವರು ಮಾಡುವುದು ಅದನ್ನೇ. ಯುದ್ಧದ ಊರಿನಲ್ಲಿ ನಿತ್ರಾಣದ ಅಂಕ ಹೆಚ್ಚಿನವರಿಗೆ ಏರಿಯೇ ಇರುತ್ತದೆ. ಆ 54 ಅಂಕ ಒಟ್ಟನ್ನು ಉಬ್ಬಿಸಿಬಿಡುತ್ತದೆ. ಆದ್ದರಿಂದಲೇ ನಾಲ್ಕು ಭಾಗ ಬೇರೆ ಬೇರೆ ನೋಡಿ ಅನ್ನುವುದು.

ಅಂತರದ ಭಾಗದಲ್ಲಿ ಉಕ್ರೇನಿಗೇ ವಿಶೇಷವಾದ ಒಂದು ತೊಡಕಿದೆ. ಮೊದಲು ಅಂದರೆ ಯಾವಾಗ? ರಷ್ಯಾದ ಪೂರ್ಣ ಪ್ರಮಾಣದ ದಾಳಿ ಶುರುವಾದ 2022ರ ಫೆಬ್ರುವರಿ 24ಕ್ಕಿಂತ ಮೊದಲೇ? ಗಂಡ ಸೈನ್ಯಕ್ಕೆ ಹೋಗುವ ಮೊದಲೇ? ಪೋಲೆಂಡಿಗೋ ಜರ್ಮನಿಗೋ ಹೋಗುವ ಮೊದಲೇ? ಚೊಚ್ಚಲ ಮಗು 2023ರಲ್ಲಿ ಹುಟ್ಟಿದ್ದರೆ ಆ ತಾಯಿಗೆ ಯುದ್ಧಕ್ಕೆ ಮೊದಲಿನ ತಾಯ್ತನವೇ ಇಲ್ಲ. ಹಾಗೆಂದು ವಾಕ್ಯ ತಿದ್ದಲು ಹೋಗಬೇಡಿ, ತಿದ್ದಿದರೆ ಬೇರೆ ದೇಶಗಳ ಜೊತೆ ಹೋಲಿಕೆ ಹೋಯಿತು. ಬದಲಿಗೆ, ದೊಡ್ಡ ಸಮೀಕ್ಷೆಗೆ ಮುಂಚೆ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು, ಈ ವಾಕ್ಯ ಓದಿದಾಗ ನಿಮಗೆ ಯಾವ ಕಾಲ ನೆನಪಾಯಿತು ಎಂದು ಕೇಳಿ. ಮುಖ್ಯ ಫಾರಂನಲ್ಲಿ ಮಗುವಿನ ವಯಸ್ಸು ಮತ್ತು ಈ ಭಾವ ಶುರುವಾದ ಸಮಯಕ್ಕೆ ಪ್ರತ್ಯೇಕ ಪ್ರಶ್ನೆ ಇಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 23 ವಾಕ್ಯಗಳ ಪ್ರಶ್ನಾವಳಿಗೆ ಕನಿಷ್ಠ 230 ಜನ ಬೇಕು, 300 ದಾಟಿದರೆ ಒಳ್ಳೆಯದು. ಅಷ್ಟಿದ್ದರೇ ನಾಲ್ಕು ಭಾಗಗಳು ಅಲ್ಲೂ ನಾಲ್ಕಾಗಿ ನಿಲ್ಲುತ್ತವೆಯೇ ಎಂದು ಪರೀಕ್ಷಿಸಲು ಆಗುವುದು. ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರೋನ್‌ಬಾಕ್ ಆಲ್ಫಾ ಎಂಬ ಸಂಖ್ಯೆ 0.9 ದಾಟಿತು ಎಂದು ಹಿಗ್ಗಬೇಡಿ, ಎಲ್ಲವೂ ಒಟ್ಟಿಗೆ ಏರಿದಾಗ ಆಲ್ಫಾ ತಾನಾಗಿಯೇ ಏರುತ್ತದೆ. ಅಮ್ಮಂದಿರ ಅಂಕವನ್ನು ಅಮ್ಮಂದಿರ ಜೊತೆಗೇ ಹೋಲಿಸಿ, ಅಪ್ಪಂದಿರು ಫಾರಂ ತುಂಬುವುದೇ ಅಪರೂಪ. ಹಿಂದಿನ ರಾತ್ರಿ ಸೈರನ್ ಆಯಿತೇ, ಕರೆಂಟ್ ಎಷ್ಟು ಗಂಟೆ ಇತ್ತು ಎಂದೂ ಬರೆಸಿಕೊಳ್ಳಿ. ಫಾರಂ ಮೊಬೈಲಿನಲ್ಲಿದ್ದರೆ, ಅರ್ಧಕ್ಕೆ ನೆಟ್ ಹೋದರೂ ತುಂಬಿದ್ದು ಅಳಿಸದಂತೆ ಇರಲಿ. ಶಾಲೆಯ ಮೂಲಕ ಹಂಚಬೇಡಿ. ಟೀಚರ್ ನೋಡಿಯಾರು ಎಂಬ ಹೆದರಿಕೆಗೆ ಮನಸ್ಸು ದೂರವಾದ ಆ 3 ವಾಕ್ಯಗಳಿಗೆ ಎಲ್ಲರೂ ಸೊನ್ನೆ ಹಾಕುತ್ತಾರೆ.

ಖಿನ್ನತೆಯನ್ನೂ ಜೊತೆಗೇ ಅಳೆಯಿರಿ, 9 ಪ್ರಶ್ನೆಗಳ ಪಿಎಚ್‌ಕ್ಯೂ–9 ಸಾಕು. ಖಿನ್ನತೆ ಇದ್ದವರಿಗೆ ಎಲ್ಲದರಲ್ಲೂ ರುಚಿ ಹೋಗಿರುತ್ತದೆ. ಬರ್ನ್‌ಔಟ್ ಆದ ತಾಯಿ ಕೆಲಸದ ಜಾಗದಲ್ಲಿ ನಗುತ್ತಿರಬಹುದು, ಮನೆ ಬಾಗಿಲು ತೆರೆದೊಡನೆ ಕುಸಿಯುತ್ತಾಳೆ. ಇದೆಲ್ಲ ಬರೀ ಬಾಯಿಮಾತು ಎನ್ನುವವರಿಗೆ ಒಂದು ಉತ್ತರ: ಬೆಲ್ಜಿಯಂ ತಂಡ ಕೂದಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆಯಿತು. ಬರ್ನ್‌ಔಟ್ ಆದ ತಂದೆ–ತಾಯಂದಿರಲ್ಲಿ ಅದು ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬುಡದ 3 ಸೆಂಟಿಮೀಟರಿನಲ್ಲಿ ಮೂರು ತಿಂಗಳ ಲೆಕ್ಕ ಸಿಗುತ್ತದೆ.

ಕೊನೆಯದಾಗಿ, ಎಲ್ಲವನ್ನೂ ಬಿಟ್ಟು ಓಡಿಹೋಗಬೇಕು, ಸಾಯಬೇಕು ಎನ್ನುವ ಯೋಚನೆ ಈ ಸ್ಥಿತಿಯಲ್ಲಿ ಬರುತ್ತದೆ, ಆದರೆ ಪಿಬಿಎ ಅದನ್ನು ಕೇಳುವುದಿಲ್ಲ. ನೀವೇ ಬೇರೆಯಾಗಿ ಕೇಳಬೇಕು. ಫಾರಂನಲ್ಲಿ ಹೆಸರು ಬೇಡ, ಮಾತಾಡಬೇಕೆನಿಸಿದವರು ಫೋನ್ ನಂಬರ್ ಬರೆಯಲು ಕೆಳಗೆ ಒಂದು ಸಾಲು ಬಿಡಿ. ಆ ನಂಬರಿಗೆ ಅದೇ ದಿನ ಕರೆ ಮಾಡುವವರು ಯಾರು ಎಂದು ಗೊತ್ತಾದ ಮೇಲೆಯೇ ಫಾರಂ ಹಂಚಿ.

ನಮಸ್ಕಾರ.