ಕರಾವಳಿಯ ದೇವರು, ದಿಲ್ಲಿಯ ಕೋರ್ಟು

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಧರ್ಮ ಮತ್ತು ರಾಜಕಾರಣ. ಈ ವಿಷಯದ ಮೇಲೆ ಯಾರು ಮಾತಾಡಲು ನಿಂತರೂ ಮೊದಲ ಐದು ನಿಮಿಷದಲ್ಲಿ ಜನ ಅವರನ್ನು ಒಂದು ಗುಂಪಿಗೆ ಸೇರಿಸಿಬಿಡುತ್ತಾರೆ. ಆಮೇಲೆ ಕೇಳುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಇವತ್ತು ಸಿದ್ಧಾಂತ ಬೇಡ. ಸುಮ್ನೆ ಒಂದು ಬಸ್ಸು ಹತ್ತೋಣ. ಉಡುಪಿಯಿಂದ ಹೊರಟು ಮೂಲ್ಕಿ, ಮಂಗಳೂರು ದಾಟಿ ಕಾಸರಗೋಡು ಮುಟ್ಟೋಣ. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್ ಬರಬಹುದಾದ ದಾರಿ. ಈ ದೇಶದಲ್ಲಿ ದೇವರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಸರ್ಕಾರದ ಕೆಲಸ ಎಲ್ಲಿಂದ ಶುರುವಾಗುತ್ತದೆ ಅನ್ನುವ ಪಾಠದ ದೊಡ್ಡ ಭಾಗ ಬರೆದದ್ದು ಇದೇ ದಾರಿಯಲ್ಲಿ. ಬರೆಸಿದವರು ಯಾರು ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಉಡುಪಿ. ಅಷ್ಟಮಠಗಳಲ್ಲಿ ಒಂದು ಶಿರೂರು ಮಠ. ಎಂಟು ಮಠದವರು ಎರಡೆರಡು ವರ್ಷ ಕೃಷ್ಣನ ಪೂಜೆ ವಹಿಸಿಕೊಳ್ಳುವ ಪರ್ಯಾಯದ ಪದ್ಧತಿ ನಿಮಗೆ ಗೊತ್ತೇ ಇದೆ. ಹದಿನಾರು ವರ್ಷಕ್ಕೊಮ್ಮೆ ಸರದಿ. ಪರ್ಯಾಯ ಅಂದರೆ ಪೂಜೆ ಮಾತ್ರ ಅಲ್ಲ, ಊಟ. ಬಂದವರಿಗೆಲ್ಲ ಊಟ. 1946ರಲ್ಲಿ ಶಿರೂರಿನ ಸರದಿ ಬಂತು. ಪೀಠದಲ್ಲಿದ್ದವರು ಲಕ್ಷ್ಮೀಂದ್ರ ತೀರ್ಥರು. ಯುದ್ಧ ಆಗಷ್ಟೇ ಮುಗಿದಿತ್ತು. ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕರೆ ಮುಟ್ಟುವ ಹಾಗಿರಲಿಲ್ಲ. ಆದರೆ ಪರ್ಯಾಯ ನಿಲ್ಲಿಸುವ ಹಾಗಿದೆಯೇ? ಸ್ವಾಮೀಜಿ ಸಾಲ ಮಾಡಿದರು. ಸಾಲ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಆಯಿತು. ಆ ಕಾಲದ ಒಂದು ಲಕ್ಷ.

ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಮದ್ರಾಸಿನಲ್ಲಿ ಹಿಂದೂ ಧಾರ್ಮಿಕ ದತ್ತಿಗಳನ್ನು ನೋಡಿಕೊಳ್ಳುವ ಮಂಡಳಿ ಇತ್ತು. ಮಠ ಸಾಲದಲ್ಲಿ ಮುಳುಗುತ್ತಿದೆ, ನಾವು ಹೇಳಿದ ಹಾಗೆ ಆಡಳಿತ ನಡೆಯಲಿ ಅಂತ ಮಂಡಳಿ ಹೊರಟಿತು. 1951ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಅದರಲ್ಲಿ ಒಂದು ಕಲಮು ಹೇಗಿತ್ತೆಂದರೆ, ಕಮಿಷನರೋ ಅವರು ಕಳಿಸಿದ ಇನ್ನೊಬ್ಬರೋ ಯಾವ ಧಾರ್ಮಿಕ ಸಂಸ್ಥೆಯೊಳಗೂ ಹೋಗಬಹುದು. ಎಲ್ಲಿಯವರೆಗೆ? ಗೆರೆಯೇ ಇಲ್ಲ. ಗರ್ಭಗುಡಿಗೂ ಹೋಗಬಹುದು, ಸ್ವಾಮೀಜಿ ಮಲಗುವ ಕೋಣೆಗೂ ಹೋಗಬಹುದು.

ಸ್ವಾಮೀಜಿ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1954ರ ಮಾರ್ಚಿನಲ್ಲಿ ತೀರ್ಪು ಬಂತು. ಆ ತೀರ್ಪಿನಲ್ಲಿ ನನಗೆ ಇಷ್ಟವಾದ ಒಂದು ಜಾಗ ಇದೆ. ನೈವೇದ್ಯದ ಜಾಗ. ದೇವರಿಗೆ ಇಂಥ ಹೊತ್ತಿಗೆ ಇಂಥ ನೈವೇದ್ಯ ಆಗಬೇಕು ಅಂತ ಒಂದು ಸಂಪ್ರದಾಯ ನಂಬಿದರೆ ಅದು ಧರ್ಮವೇ, ಅದಕ್ಕೆ ದುಡ್ಡು ಖರ್ಚಾಗುತ್ತದೆ ಅಂದ ಮಾತ್ರಕ್ಕೆ ಅದು ಲೌಕಿಕ ಆಗುವುದಿಲ್ಲ ಅಂದಿತು ಕೋರ್ಟು. ಆದರೆ ಎಷ್ಟು ಖರ್ಚು ಮಾಡಬೇಕು ಅನ್ನುವುದು ಆಸ್ತಿಯ ಆಡಳಿತ, ಅದನ್ನು ಕಾನೂನು ಹಿಡಿತದಲ್ಲಿ ಇಡಬಹುದು ಅಂತಲೂ ಸೇರಿಸಿತು. ಅಂದರೆ ಪಾಯಸ ಧರ್ಮ, ಪಾಯಸದ ಬಿಲ್ಲು ಸರ್ಕಾರದ್ದು! ನಗು ಬರುತ್ತದೆ. ಆದರೆ ಮನೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ಅಜ್ಜಿಯ ವ್ರತದ ತಂಟೆಗೆ ಯಾರೂ ಹೋಗುವುದಿಲ್ಲ. ವ್ರತಕ್ಕೆ ಮನೆ ಅಡವಿಟ್ಟರೆ ಮಾತ್ರ ಮಾತಾಡುತ್ತೇವೆ.

ಗರ್ಭಗುಡಿಯವರೆಗೂ ಅಧಿಕಾರಿ ಹೋಗಬಹುದೆಂಬ ಕಲಮನ್ನು ಕೋರ್ಟು ಒಪ್ಪಲಿಲ್ಲ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಅನ್ನುವುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಅಂದಿತು. ಈ 'ಅತ್ಯಗತ್ಯ' ಅನ್ನುವ ಪದವನ್ನು ಸ್ವಲ್ಪ ಜೇಬಿನಲ್ಲಿ ಇಟ್ಟುಕೊಂಡಿರಿ. ಮತ್ತೆ ಬೇಕಾಗುತ್ತದೆ.

ಬಸ್ಸು ಮುಂದೆ ಹೋಗಲಿ. ಮೂಲ್ಕಿ. ಇಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದ್ದು. 1947ರಲ್ಲಿ ಮದ್ರಾಸ್ ಸರ್ಕಾರ ದೇವಸ್ಥಾನ ಪ್ರವೇಶದ ಕಾಯ್ದೆ ತಂದಿತು. ದಲಿತರೂ ಸೇರಿ ಎಲ್ಲ ಹಿಂದೂಗಳಿಗೆ ದೇವಸ್ಥಾನದ ಬಾಗಿಲು ತೆರೆಯಬೇಕು. ಟ್ರಸ್ಟಿಗಳು ಇದು ನಮ್ಮ ಸಮುದಾಯದ ದೇವಸ್ಥಾನ, ಕಾಯ್ದೆ ನಮಗೆ ಅನ್ವಯ ಆಗುವುದಿಲ್ಲ ಅಂದರು. ಕೇಸು ಎಷ್ಟು ಉದ್ದ ಎಳೆಯಿತು ಅಂದರೆ, ಶುರುವಾದಾಗ ಊರು ಮದ್ರಾಸಿನಲ್ಲಿತ್ತು, ತೀರ್ಪು ಬರುವಾಗ ಮೈಸೂರು ರಾಜ್ಯಕ್ಕೆ ಬಂದಿತ್ತು. ಹಾಗಾಗಿ ಕಾನೂನು ಪುಸ್ತಕಗಳಲ್ಲಿ ಅದು ಮೈಸೂರು ರಾಜ್ಯದ ವಿರುದ್ಧದ ಕೇಸು.

ಕೋರ್ಟು ಟ್ರಸ್ಟಿಗಳ ಮಾತನ್ನು ಅರ್ಧ ಒಪ್ಪಿತು. ಹೌದು, ಇದು ನಿಮ್ಮ ಸಮುದಾಯದ ದೇವಸ್ಥಾನವೇ. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ನಿಮ್ಮವರು ಮಾತ್ರ ಇರಬಹುದು. ಉಳಿದ ಹೊತ್ತಿನಲ್ಲಿ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು.

ರಾಜಕೀಯ ದೇವಸ್ಥಾನದ ಹೊರಗೆ ಇರಲಿ ಅಂತ ಹೇಳುವವರು ಬಹಳ ಇದ್ದಾರೆ. ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ. ಆದರೆ ಮೂಲ್ಕಿಯಲ್ಲಿ ನಿಂತು ಹಾಗೆ ಹೇಳುವುದು ಕಷ್ಟ. ಆ ಬಾಗಿಲು ತೆಗೆಸಿದ್ದು ಶಾಸನಸಭೆ. ಶಾಸಕರ ಕೈ, ಶಾಸಕರ ಓಟು. ಇನ್ನೊಂದು ಮಾತು. ಬಾಗಿಲು ಬಡಿದವರು ಯಾರು? ನಾಸ್ತಿಕನಿಗೆ ಗರ್ಭಗುಡಿಯ ಬಾಗಿಲು ಹಾಕಿದ್ದರೆ ಏನು ನಷ್ಟ? ಒಳಗೆ ಬಿಡಿ ಅಂದವರೂ ಭಕ್ತರು, ಬಿಡುವುದಿಲ್ಲ ಅಂದವರೂ ಭಕ್ತರು.

ಮಂಗಳೂರಿಗೆ ಬಂದೆವು. ಇಲ್ಲಿ ಹುಟ್ಟಿದವರು ಹರಿ ವಿಷ್ಣು ಕಾಮತ್. ಸಂವಿಧಾನ ಸಭೆಯಲ್ಲಿ ಎದ್ದು ನಿಂತು ತಿದ್ದುಪಡಿ ತರುವುದರಲ್ಲಿ ಇವರದ್ದು ಎತ್ತಿದ ಕೈ. 1949ರ ಅಕ್ಟೋಬರ್ 17ರಂದು ಪೀಠಿಕೆ ಚರ್ಚೆಗೆ ಬಂದಾಗ ಅವರು ಒಂದು ತಿದ್ದುಪಡಿ ಇಟ್ಟರು. 'ದೇವರ ಹೆಸರಿನಲ್ಲಿ' ಅಂತ ಪೀಠಿಕೆ ಶುರುವಾಗಲಿ. ಆಮೇಲೆ ನಡೆದದ್ದು ಒಂದು ಒಳ್ಳೆಯ ನಾಟಕ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ನಾವು ಕಾಮಾಖ್ಯ ದೇವಿಯ ಕಡೆಯವರು, ದೇವರು ಅಂದರೆ ದೇವಿ ಎಲ್ಲಿ ಹೋಗಬೇಕು ಅಂದರು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ, ನಾನೂ ದೇವರನ್ನು ನಂಬುವವನೇ, ಆದರೆ ಇದು ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದ ಹಾಗಾಗುತ್ತದೆ ಅಂದರು. ಪೂರ್ಣಿಮಾ ಬ್ಯಾನರ್ಜಿ, ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಅಂತ ಕಾಮತರನ್ನು ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಕೈ ಎತ್ತಿಸಿದರು. ಪರವಾಗಿ 41, ವಿರುದ್ಧ 68. ದೇವರು ಸೋತರು ಅನ್ನಬೇಕೇ? ಕನ್ನಡದಲ್ಲಿ ಮತ ಅಂದರೆ ಧರ್ಮವೂ ಹೌದು, ಓಟೂ ಹೌದು. ಎರಡೂ ಒಂದನ್ನೊಂದು ಎದುರು ನೋಡಿದ ದಿನ ಅದು.

ಆ 68 ಜನ ದೇವರಿಲ್ಲ ಅಂದವರಲ್ಲ. ಅವರಲ್ಲಿ ಬಹಳಷ್ಟು ಮಂದಿ ಪೂಜೆ, ನಮಾಜು, ಪ್ರಾರ್ಥನೆ ಇಟ್ಟುಕೊಂಡವರೇ. ನನ್ನ ದೇವರನ್ನು ಇನ್ನೊಬ್ಬನ ಬಾಯಲ್ಲಿ ಬಲವಂತವಾಗಿ ಹೇಳಿಸಬಾರದು ಅನ್ನುವ ಸಂಕೋಚ ಅವರಿಗಿತ್ತು. ನಮ್ಮಲ್ಲಿ 'ಸೆಕ್ಯುಲರ್' ಅನ್ನುವುದನ್ನು ದೇವರನ್ನು ನಂಬದವರು ತಂದು ಹೇರಿದ್ದು ಅಂತ ಒಂದು ಮಾತು ಓಡಾಡುತ್ತಿದೆ. ಉಡುಪಿ, ಮೂಲ್ಕಿ, ಮಂಗಳೂರು ಮೂರೂ ಕಡೆ ನನಗೆ ಕಂಡದ್ದು ಬೇರೆ. ಗೆರೆ ಎಳೆದವರು ಆಸ್ತಿಕರು. ಗೆರೆ ಎಳೆಸಿದವರೂ ಆಸ್ತಿಕರು.

ಓಟಿನ ಮಾತು ಬಂತಲ್ಲ, ಒಂದು ಅಡ್ಡಮಾತು. ನಾನು ಮೇಷ್ಟ್ರು, ಎಷ್ಟೋ ಚುನಾವಣೆಗಳಲ್ಲಿ ಬೂತಿನ ಡ್ಯೂಟಿ ಮಾಡಿದ್ದೇನೆ. ಒಮ್ಮೆ ಒಬ್ಬ ಅಜ್ಜ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಓಟು ಅಂದರೆ ಇವರಿಗೆ ದೇವರ ಹಾಗೆ ಅಂತ ನನಗೆ ಒಳಗೊಳಗೇ ಖುಷಿ. ಕೇಳಿಯೂ ಬಿಟ್ಟೆ. 'ಓಟಿಗಲ್ಲ ಮಾರಾಯ್ರೆ, ಮಕ್ಕಳು ಓದುವ ಕೋಣೆ ಅಲ್ವಾ' ಅಂದರು. ಬೂತು ಇದ್ದದ್ದು ಶಾಲೆಯಲ್ಲಿ. ಭಾಷಣ ಮಾಡುವ ನಮ್ಮಂಥವರು ಜನರ ಭಕ್ತಿಯನ್ನು ಹೀಗೇ ತಪ್ಪು ಲೆಕ್ಕ ಹಾಕುತ್ತೇವೆ.

ಅಭ್ಯರ್ಥಿಗಳಂತೂ ಇನ್ನೂ ಜಾಸ್ತಿ. ಬಿ ಫಾರಂ ಸಿಕ್ಕಿದ ಕೂಡಲೇ ಅದನ್ನು ದೇವರ ಮುಂದೆ ಇಟ್ಟು ಪೂಜೆ ಮಾಡಿಸುತ್ತಾರೆ. ಅದಕ್ಕೆ ಕಾನೂನಿನ ತಕರಾರು ಇಲ್ಲ, ನನ್ನದೂ ಇಲ್ಲ. ತಕರಾರು ಬರುವುದು ಧರ್ಮದ ಹೆಸರಿನಲ್ಲಿ ಓಟು ಕೇಳಿದಾಗ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಅದನ್ನು ಭ್ರಷ್ಟ ಆಚರಣೆ ಅನ್ನುತ್ತದೆ. ಬರೀ ಅಭ್ಯರ್ಥಿಯ ಧರ್ಮವೋ, ಮತದಾರನ ಧರ್ಮವೂ ಸೇರಿಯೋ ಅನ್ನುವ ಪ್ರಶ್ನೆ ಏಳು ನ್ಯಾಯಮೂರ್ತಿಗಳ ಮುಂದೆ ಬಂತು. 2017ರ ಜನವರಿ 2ರಂದು ನಾಲ್ವರು ಎರಡೂ ಸೇರಿ ಅಂದರು, ಮೂವರು ಒಪ್ಪಲಿಲ್ಲ. ನನ್ನ ಮನಸ್ಸು ಆ ಮೂವರ ಕಡೆಗೂ ಸ್ವಲ್ಪ ವಾಲುತ್ತದೆ. ಯಾಕೆ ಅಂದರೆ, ಮೂಲ್ಕಿಯಂಥ ಊರಿನಲ್ಲಿ ಒಬ್ಬ ದಲಿತ ಅಭ್ಯರ್ಥಿ 'ನಮ್ಮನ್ನು ದೇವಸ್ಥಾನದೊಳಗೆ ಬಿಡುತ್ತಿಲ್ಲ, ಅದಕ್ಕೇ ನಿಂತಿದ್ದೇನೆ, ಓಟು ಕೊಡಿ' ಅಂತ ಕೇಳಿದರೆ ಅದೂ ಧರ್ಮದ ಹೆಸರಿನ ಓಟೇ? ಪೆಟ್ಟಾದ ಜಾಗದ ಹೆಸರು ಹೇಳದೆ ಔಷಧಿ ಕೇಳುವುದು ಹೇಗೆ?

ಕಾಸರಗೋಡಿಗೆ ಮೊದಲು ಪೂರ್ವಕ್ಕೆ ತಿರುಗಿ ಧರ್ಮಸ್ಥಳಕ್ಕೊಂದು ಸುತ್ತು. 'ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ' ಅನ್ನುತ್ತಾರಲ್ಲ, ಆ ಮಂಜುನಾಥನ ಮುಂದೆ 2011ರ ಜೂನಿನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ತಮ್ಮ ಮೇಲೆ ಹೊರಿಸಿದ ಆರೋಪ ನಿಜ ಅಂತ ಆಣೆ ಮಾಡಲು ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಅವರನ್ನು ಕರೆದರು. ರಾಜ್ಯವೆಲ್ಲ ಟೀವಿ ಮುಂದೆ ಕೂತಿತ್ತು. ಇಬ್ಬರೂ ಬಂದರು, ದರ್ಶನ ಮಾಡಿದರು, ಆಣೆ ಮಾತ್ರ ಆಗಲಿಲ್ಲ. ಆಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಬ್ಬರೂ ಸಂವಿಧಾನದ ಪ್ರಮಾಣ ಮಾಡಿ ಕುರ್ಚಿಯಲ್ಲಿ ಕೂತವರು. ಆ ಪ್ರಮಾಣದ ಮೇಲೆ ಜನರಿಗೆ ನಂಬಿಕೆ ಇದ್ದಿದ್ದರೆ ಇನ್ನೊಂದು ಆಣೆಗೆ ಧರ್ಮಸ್ಥಳದವರೆಗೆ ಯಾಕೆ ಹೋಗಬೇಕಿತ್ತು? ಕಚೇರಿಯಲ್ಲಿ ನ್ಯಾಯ ಸಿಗದವನು ದೇವರ ಹತ್ತಿರ ಹೋಗುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಆದರೆ ಆ ಕಚೇರಿಯನ್ನೇ ನಡೆಸುವವರು ಹೋದರೆ ಅದು ಬೇರೆ ಮಾತು.

ಕಾಸರಗೋಡಿನ ಹತ್ತಿರ ಎಡನೀರು. 1956ರಲ್ಲಿ ಕೇರಳಕ್ಕೆ ಹೋದ ನೆಲ, ಆದರೆ ಮಠದಲ್ಲಿ ಕನ್ನಡ. ಸಂಗೀತ, ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದ ಕೇಶವಾನಂದ ಭಾರತಿ ಸ್ವಾಮೀಜಿ ಇಲ್ಲಿದ್ದರು. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನು ಹೋಗುತ್ತದೆ ಅಂತ 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅನ್ನುವ ಮಾತು ಹುಟ್ಟಿದ್ದು ಅಲ್ಲಿ. ಸ್ವಾಮೀಜಿಗೆ ಜಮೀನು ದಕ್ಕಲಿಲ್ಲ. ದೇಶಕ್ಕೆ ಅವರ ಹೆಸರು ದಕ್ಕಿತು. ಅವರು ತೀರಿಕೊಂಡದ್ದು 2020ರ ಸೆಪ್ಟೆಂಬರಿನಲ್ಲಿ.

ಆ ಮೂಲ ರಚನೆಯೊಳಗೆ ಏನೇನಿದೆ? ಅದರಲ್ಲಿ ಧರ್ಮನಿರಪೇಕ್ಷತೆಯೂ ಇದೆ ಅಂತ ಗಟ್ಟಿಯಾಗಿ ಹೇಳಿದ್ದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆ ಕೇಸಿನ ಹೆಸರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರದ್ದು. ಅವರ ತಕರಾರು ಧರ್ಮದ್ದಲ್ಲ, 1989ರಲ್ಲಿ ಬಹುಮತ ಸಾಬೀತು ಮಾಡಲು ಬಿಡದೆ ಸರ್ಕಾರ ವಜಾ ಮಾಡಿದರು ಅನ್ನುವುದು. ಅಯೋಧ್ಯೆಯ ಘಟನೆಯ ನಂತರ ವಜಾ ಆದ ಮೂರು ರಾಜ್ಯ ಸರ್ಕಾರಗಳ ಕೇಸುಗಳು ಜೊತೆಗೆ ಸೇರಿಕೊಂಡವು. ಬೊಮ್ಮಾಯಿ ಅವರು ದೇವರನ್ನು ನಂಬದ ಚಿಂತಕ ಎಂ.ಎನ್. ರಾಯ್ ಅವರ ವಿಚಾರದ ದಾರಿಯಲ್ಲಿ ಬಂದವರು. ಹಾಗಾಗಿ ಗೆರೆ ಎಳೆಸಿದವರೆಲ್ಲ ಆಸ್ತಿಕರು ಅಂತ ನಾನು ಆಗಲೇ ಹೇಳಿದ್ದಕ್ಕೆ ಒಂದು ತಿದ್ದುಪಡಿ ಹಾಕಿಕೊಳ್ಳಿ. ಆದರೆ ಅವರು ನಿಂತದ್ದು ಒಬ್ಬ ಸ್ವಾಮೀಜಿ ಹಾಕಿಕೊಟ್ಟ ಮೆಟ್ಟಿಲಿನ ಮೇಲೆ.

ಈಗ ಬಸ್ಸು ವಾಪಸ್ ಉಡುಪಿಗೆ. ಜೇಬಿನಲ್ಲಿ ಇಟ್ಟುಕೊಂಡ ಪದ ತೆಗೆಯಿರಿ. ಅತ್ಯಗತ್ಯ. 1954ರಲ್ಲಿ ಅದು ಗುರಾಣಿ. ಯಾವುದು ನಮಗೆ ಅತ್ಯಗತ್ಯ ಅಂತ ನಮ್ಮ ತತ್ವ ನೋಡಿ ಹೇಳಿ, ಅದರೊಳಗೆ ಕೈ ಹಾಕಬೇಡಿ ಅಂತ ಮಠ ಹೇಳಬಹುದಿತ್ತು. 1961ರಲ್ಲಿ ಅಜ್ಮೀರದ ದರ್ಗಾದ ಕೇಸು ಬಂದಾಗ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅದನ್ನು ಬಿಗಿ ಮಾಡಿದರು. ಧರ್ಮಕ್ಕೆ ಆಮೇಲೆ ಅಂಟಿಕೊಂಡ ಮೂಢನಂಬಿಕೆ ಯಾವುದು, ನಿಜವಾದ ತಿರುಳು ಯಾವುದು ಅಂತ ಕೋರ್ಟೇ ಸೋಸಲು ಶುರುಮಾಡಿತು. ಗುರಾಣಿ ನಿಧಾನವಾಗಿ ಜರಡಿ ಆಯಿತು.

2022ರಲ್ಲಿ ಇದೇ ಉಡುಪಿಯ ಒಂದು ಸರ್ಕಾರಿ ಪಿಯು ಕಾಲೇಜಿನ ಹುಡುಗಿಯರು ಹಿಜಾಬ್ ಹಾಕಿಕೊಂಡು ತರಗತಿಯಲ್ಲಿ ಕೂರುವ ಪ್ರಶ್ನೆ ಎದ್ದಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಅಂದರು. ಶಿರೂರು ಮಠವನ್ನು ಕಾಪಾಡಿದ ಪದವೇ, ಕೃಷ್ಣಮಠ ಇರುವ ಊರಿನ ಆ ಹುಡುಗಿಯರನ್ನು ಬಾಗಿಲಿನ ಹೊರಗೆ ನಿಲ್ಲಿಸಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಹೈಕೋರ್ಟು ಸರಿ ಅಂದರು. ಸುಧಾಂಶು ಧುಲಿಯಾ, ಈ ಅತ್ಯಗತ್ಯದ ಪ್ರಶ್ನೆಗೇ ಹೋಗಬೇಕಾಗಿರಲಿಲ್ಲ, ಇದು ಆ ಹುಡುಗಿಯ ಆಯ್ಕೆ, ಅವಳ ಓದು ಮುಖ್ಯ ಅಂದರು.

ನನ್ನ ಮಟ್ಟಿಗೆ ನಾನು ಧುಲಿಯಾ ಅವರ ಕಡೆ. ಮೇಷ್ಟ್ರಿಗೆ ತರಗತಿಯಲ್ಲಿ ಖಾಲಿ ಬೆಂಚು ನೋಡುವುದು ಕಷ್ಟ. ನಿಮ್ಮಲ್ಲಿ ಎಷ್ಟೋ ಜನ ಒಪ್ಪುವುದಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿದೆ. ಹಿಂದಿನ ಸಾಲಿನಲ್ಲಿ ಆಗಲೇ ಒಂದು ಕೈ ಎದ್ದಿದೆ. ಮೈಕ್ ಅವರಿಗೆ ಕೊಡಿ, ಅವರು ಕೇಳಲಿ.