ಎರಡನೆಯ ಸ್ಥಾನದ ಕ್ರಿಯಾಪದ: ಜರ್ಮನ್ ಕಲಿಕೆಯ ಮೊದಲ ವಾರಕ್ಕೊಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಕೋರಿಕೆ: ಇವತ್ತಿನ ಮಟ್ಟಿಗೆ ಇಂಗ್ಲಿಷನ್ನು ಬಾಗಿಲ ಹೊರಗೆ ಚಪ್ಪಲಿಯ ಪಕ್ಕದಲ್ಲೇ ಬಿಟ್ಟಿರಿ, ಕನ್ನಡವನ್ನು ನಂಬಿ. ನಾನು ಜರ್ಮನ್ ಕಲಿಯುವಾಗ ಪ್ರತಿ ವಾಕ್ಯವನ್ನೂ ಇಂಗ್ಲಿಷಿನ ದಾರಿಯಲ್ಲಿ ಸುತ್ತಿ ತಂದು, ಸುಮ್ಮನೆ ಬಹಳ ಕಾಲ ಕಳೆದೆ.

ಹಲಗೆಯ ಮೇಲಿರುವುದನ್ನು ನೋಡಿ: ‘ಮೊರ್ಗೆನ್ ಮಿಟ್ ಡೇಮ್ ತ್ಸೂಕ್ ನಾಖ್ ಬೆರ್ಲೀನ್ ಫಾರೆನ್’. ಮೊರ್ಗೆನ್, ನಾಳೆ. ಮಿಟ್ ಡೇಮ್ ತ್ಸೂಕ್, ರೈಲಿನಲ್ಲಿ. ನಾಖ್ ಬೆರ್ಲೀನ್, ಬರ್ಲಿನ್ನಿಗೆ. ಫಾರೆನ್, ಹೋಗುವುದು. ‘ನಾಳೆ ರೈಲಿನಲ್ಲಿ ಬರ್ಲಿನ್ನಿಗೆ ಹೋಗುವುದು.’ ನಮ್ಮ ‘ಗೆ’ ಹೆಸರಿನ ಹಿಂದೆ ಅಂಟುತ್ತದೆ, ಅವರ ‘ನಾಖ್’ ಹೆಸರಿನ ಮುಂದೆ ನಿಲ್ಲುತ್ತದೆ. ಅದೊಂದನ್ನು ಬಿಟ್ಟರೆ ಯಾವುದನ್ನೂ ಜರುಗಿಸಬೇಕಾಗಿಲ್ಲ. ಮೊದಲು ಕಾಲ, ಆಮೇಲೆ ರೀತಿ, ಆಮೇಲೆ ಸ್ಥಳ, ಕೊನೆಗೆ ಕ್ರಿಯೆ. ಇಂಗ್ಲಿಷಿನಲ್ಲಿ ಇದೇ ಮಾತು ಬಾಲದಿಂದ ತಲೆಗೆ ಸಾಗುತ್ತದೆ.

ಆದರೆ ಇದು ಇನ್ನೂ ವಾಕ್ಯವಲ್ಲ, ಕರ್ತೃವಿಲ್ಲ. ‘ಇಷ್’, ಅಂದರೆ ‘ನಾನು’, ಬಂದ ಕೂಡಲೇ ಕ್ರಿಯಾಪದ ಅದಕ್ಕೆ ತಕ್ಕ ಪ್ರತ್ಯಯ ತೊಟ್ಟು, ಕೊನೆಯಿಂದ ಎದ್ದು ಎರಡನೆಯ ಸ್ಥಾನಕ್ಕೆ ಬರುತ್ತದೆ: ‘ಇಷ್ ಫಾರೆ ಮೊರ್ಗೆನ್ ಮಿಟ್ ಡೇಮ್ ತ್ಸೂಕ್ ನಾಖ್ ಬೆರ್ಲೀನ್.’ ಉಳಿದವು ಕದಲುವುದಿಲ್ಲ.

ಎರಡನೆಯ ಸ್ಥಾನವೆಂದರೆ ಎರಡನೆಯ ಪದವಲ್ಲ. ‘ಮಿಟ್ ಡೇಮ್ ತ್ಸೂಕ್ ಫಾರೆ ಇಷ್...’ ಎನ್ನುವಾಗ ಮೊದಲ ಮೂರು ಪದ ಸೇರಿ ಒಂದೇ ಸ್ಥಾನ. ಯಾವುದಕ್ಕೆ ಒತ್ತು ಬೇಕೋ, ಹಿಂದಿನ ಮಾತಿಗೆ ಯಾವುದು ಕೊಂಡಿಯೋ, ಅದನ್ನು ಮುಂದಿಡಬಹುದು. ಕ್ರಿಯಾಪದದ ಮುಂದಿನ ಈ ಜಾಗಕ್ಕೆ ಎರಿಷ್ ಡ್ರಾಖ್ ಎಂಬ ವಿದ್ವಾಂಸರು 1937ರಲ್ಲಿ ‘ಫೋರ್‌ಫೆಲ್ಡ್’ ಎಂದರು, ಮುಂದಿನ ಹೊಲ. ಆ ಹೊಲದಲ್ಲಿ ಒಂದೇ ಬೆಳೆ. ‘ಮೊರ್ಗೆನ್’ ಅಲ್ಲಿ ಬಂದರೆ ‘ಇಷ್’ ಕ್ರಿಯಾಪದದ ಹಿಂದಕ್ಕೆ ಹೋಗಬೇಕು: ‘ಮೊರ್ಗೆನ್ ಫಾರೆ ಇಷ್.’

ಇಲ್ಲಿ ಎರಡು ತಪ್ಪುಗಳು ಹೊಂಚು ಹಾಕಿ ಕುಳಿತಿವೆ. ‘ಮೊರ್ಗೆನ್ ಇಷ್ ಫಾರೆ’ ಇಂಗ್ಲಿಷಿನ ಕೊಡುಗೆ. ‘ಇಷ್’ ಅನ್ನೇ ನುಂಗಿಬಿಡುವುದು ಅಪ್ಪಟ ಕನ್ನಡದ್ದು. ‘ನಾಳೆ ಹೋಗುತ್ತೇನೆ’ ಎಂದರೆ ನಮಗೆ ಸಾಕು, ಜರ್ಮನ್ನಿಗೆ ಸಾಲದು. ಕನ್ನಡವನ್ನು ನಂಬಿ ಎಂದವನೇ ಇದನ್ನೂ ಹೇಳಬೇಕಾಗಿದೆ.

ಪ್ರಶ್ನೆಗೆ ಬರೋಣ. ನಾವು ‘ಹೋಗುತ್ತೀಯ’ಕ್ಕೆ ದೀರ್ಘ ಎಳೆದು ‘ಹೋಗುತ್ತೀಯಾ?’ ಎನ್ನುತ್ತೇವೆ. ಅವರು ಕ್ರಿಯಾಪದವನ್ನು, ಇಲ್ಲಿ ‘ಫಾರೆನ್’ನ ‘ಫೇರ್ಸ್ಟ್’ ರೂಪವನ್ನು, ಮೊದಲಿಗೆ ತರುತ್ತಾರೆ: ‘ಫೇರ್ಸ್ಟ್ ಡೂ ಮೊರ್ಗೆನ್ ನಾಖ್ ಬೆರ್ಲೀನ್?’ ಇಂಗ್ಲಿಷಿನ ‘ಡೂ’ ಸಹಾಯಕ ಇಲ್ಲಿ ಇಲ್ಲ. ಈ ವಾಕ್ಯದ ‘ಡೂ’ ಎಂದರೆ ‘ನೀನು’. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಇನ್ನೊಂದು ತಮಾಷೆ: ‘ಜೀ’ ಎಂದರೆ ಗೌರವದ ‘ನೀವು’; ‘ಫಾರೆನ್ ಜೀ ನಾಖ್ ಬೆರ್ಲೀನ್’ ಎಂಬುದು ಪ್ರಶ್ನೆಯೂ ಹೌದು, ‘ಬರ್ಲಿನ್ನಿಗೆ ಹೋಗಿ’ ಎಂಬ ಸೂಚನೆಯೂ ಹೌದು. ಆಡುವಾಗ ದನಿಯ ಏರಿಳಿತವೇ ತೀರ್ಪು ಹೇಳಬೇಕು.

ಯಾವಾಗ, ಎಲ್ಲಿ, ಏಕೆ ಎಂಬ ಪ್ರಶ್ನೆಗಳಲ್ಲಿ ಹೊಸದೇನೂ ಇಲ್ಲ. ಪ್ರಶ್ನಪದ ಮುಂದಿನ ಹೊಲಕ್ಕೆ, ಕ್ರಿಯಾಪದ ಮತ್ತೆ ಎರಡನೆಯದಕ್ಕೆ: ‘ವಾನ್ ಫೇರ್ಸ್ಟ್ ಡೂ?’

ನನಗೆ ಇಷ್ಟವಾದ ಭಾಗ ಇದು. ‘ಹೋಗಬೇಕೆಂದಿದ್ದೇನೆ’ ಎನ್ನಲು ‘ವಿಲ್’ ಬಂದರೆ ಎರಡನೆಯ ಸ್ಥಾನ ಅದರದಾಗುತ್ತದೆ. ಆಗ ‘ಫಾರೆನ್’ ಏನು ಮಾಡಬೇಕು? ಕೊನೆಯಲ್ಲೇ ಉಳಿಯುತ್ತದೆ: ‘ಇಷ್ ವಿಲ್ ಮೊರ್ಗೆನ್ ನಾಖ್ ಬೆರ್ಲೀನ್ ಫಾರೆನ್.’ ‘ಔಫ್‌ಶ್ಟೇಎನ್’, ಅಂದರೆ ಏಳುವುದು, ಎರಡು ತುಂಡಾಗುತ್ತದೆ: ‘ಇಷ್ ಶ್ಟೇಎ ಉಮ್ ಜೆಕ್ಸ್ ಊರ್ ಔಫ್.’ ಆರು ಗಂಟೆಗೆ ಎದ್ದದ್ದು ಕ್ರಿಯಾಪದದ ಅರ್ಧ ಮಾತ್ರ; ಇನ್ನರ್ಧ ಹಾಸಿಗೆಯಲ್ಲೇ ಇದೆ. ‘ವೈಲ್’, ಅಂದರೆ ‘ಏಕೆಂದರೆ’, ಬಂದರೆ ಏಳುವ ಪ್ರಸಂಗವೇ ಇಲ್ಲ: ‘ವೈಲ್ ಇಷ್ ಉಮ್ ಜೆಕ್ಸ್ ಊರ್ ಔಫ್‌ಶ್ಟೇಎ.’ ತುಂಡುಗಳು ಕೊನೆಯಲ್ಲಿ ಮತ್ತೆ ಕೂಡಿಕೊಂಡವು. ಜರ್ಮನ್ ಕ್ರಿಯಾಪದದ ಮೂಲ ನೆಲೆ ವಾಕ್ಯದ ಕೊನೆಯೇ ಎಂದು ಭಾಷಾವಿಜ್ಞಾನಿ ಎಮನ್ ಬಾಖ್ 1962ರಲ್ಲೇ ವಾದಿಸಿದ್ದರು. ಕನ್ನಡಿಗರಿಗೆ ಇದನ್ನು ಒಪ್ಪಲು ಕಷ್ಟವಿಲ್ಲ.

ಕೊನೆಯದಾಗಿ, ನಿಲ್ದಾಣದಲ್ಲಿ ಬೇಕಾಗುವ ಒಂದು ಪ್ರಶ್ನೆ ಬರೆದುಕೊಳ್ಳಿ. ‘ವಿಸೆನ್ ಜೀ, ವಾನ್ ಡೇರ್ ತ್ಸೂಕ್ ಕೊಮ್ಟ್?’ ರೈಲು ಯಾವಾಗ ಬರುತ್ತದೆ ಎಂದು ನಿಮಗೆ ಗೊತ್ತೇ? ಮೊದಲ ಕ್ರಿಯಾಪದ ತಲೆಯಲ್ಲಿದೆ, ಎರಡನೆಯದು ಬಾಲದಲ್ಲಿದೆ. ಏಕೆಂದು ಮುಂದಿನ ವಾರ ನೀವೇ ನನಗೆ ಹೇಳಿ.